ಅಡಿಕೆಯೋ ಗಜ್ಜುಗವೋ

ತುಮಕೂರು ಸೀಮೆಯಲ್ಲಿ ಮಹಾಲಿಂಗಯ್ಯನವರ ತಲೆ ಅಲ್ಲಾಡಿದ್ದನ್ನು ಕಂಡವರಿಲ್ಲ. ಕಂಡೆ ಎಂದು ಯಾರಾದರೂ ಹೇಳಿದರೆ ಅವರಿಗೆ ಸಾಲ ಕೊಡಬೇಡಿ. ಹೌದು ಎನ್ನಲು ಮೇಲೆ ಕೆಳಗೆ, ಇಲ್ಲ ಎನ್ನಲು ಆ ಕಡೆ ಈ ಕಡೆ ತಲೆಯಾಡಿಸುವುದು ಉಳಿದ ನರಮನುಷ್ಯರ ಚಾಳಿ. ಮಹಾಲಿಂಗಯ್ಯನವರು ಆ ಚಾಳಿಯನ್ನು ಗೆದ್ದು ಒಂಬತ್ತು ವರ್ಷವಾಯಿತು.

ಗುಬ್ಬಿಯ ಬಸ್ಸು ಗುಂಡಿಗೆ ಇಳಿದು ಏಳುವಾಗ ಐವತ್ತು ತಲೆಗಳು ಒಂದೇ ತಾಳಕ್ಕೆ ಕುಣಿದರೆ, ಐವತ್ತೊಂದನೆಯ ತಲೆಯೊಂದು ಮಾತ್ರ ಕಲ್ಲಿನ ಬಸವಣ್ಣನಂತೆ ಗಟ್ಟಿಯಾಗಿ ನಿಂತಿರುತ್ತಿತ್ತಂತೆ. ಅವರ ಮನೆಯಿರುವ ತುಮಕೂರಿನ ಬಟವಾಡಿಯ ಸಲೂನಿನವನು “ಇಷ್ಟು ಸಾಕಾ ಸಾರ್” ಎಂದು ಕೇಳುತ್ತ, ಸಾಕೆಂಬ ಸನ್ನೆ ಬಾರದೆ ಕತ್ತರಿಸುತ್ತಲೇ ಹೋಗಿ, ಅವರನ್ನು ಎರಡು ಸಲ ನುಣ್ಣಗೆ ಮಾಡಿ ಕಳಿಸಿದ್ದಾನೆ. ಮಠದ ಪ್ರವಚನವೊಂದರಲ್ಲಿ ಸಭೆಯೆಲ್ಲ ತಲೆದೂಗುತ್ತಿದ್ದಾಗ ಮುಂದಿನ ಸಾಲಿನ ಈ ಒಂದು ತಲೆ ತೂಗದ್ದನ್ನು ಕಂಡು, ಪ್ರವಚನಕಾರರು ತಾವೆಲ್ಲೋ ತಪ್ಪಿದೆವೆಂದು ಹೆದರಿ, ಅರ್ಧ ಗಂಟೆ ಮೊದಲೇ ಮಂಗಳ ಹಾಡಿದರಂತೆ. ಅಂದು ಪ್ರಸಾದಕ್ಕೆ ಬೇಗ ಕುಳಿತವರೆಲ್ಲ ಮಹಾಲಿಂಗಯ್ಯನವರನ್ನು ಮನಸಾರೆ ಹರಸಿದರು. ಮನೆಯಲ್ಲಿ ಹೆಂಡತಿ ಕಲ್ಲಮ್ಮ “ಇನ್ನೊಂದು ಮುದ್ದೆ ಹಾಕ್ಲಾ” ಎಂದು ಕೇಳಿ, ಹೂಂ ಉಹೂಂ ಎರಡೂ ಕಾಣದೆ ಹಾಕಿಯೇ ಬಿಡುತ್ತಿದ್ದರು. ಒಂಬತ್ತು ವರ್ಷದಲ್ಲಿ ಹನ್ನೊಂದು ಕೆಜಿ ಏರಿದ್ದು ಈ ತಪಸ್ಸಿನ ಫಲ.

ತಪಸ್ಸು ಯಾತಕ್ಕೆಂದು ಕೇಳುವಿರಿ. ಮಹಾಲಿಂಗಯ್ಯನವರು ಸಂಬಂಧ ಕುದುರಿಸುವವರು. ಮೂವತ್ತು ವರ್ಷ ಸರ್ಕಾರಿ ಬಸ್ಸಿನ ಕಂಡಕ್ಟರ್ ಆಗಿದ್ದವರು. ತುಮಕೂರಿನಿಂದ ಗುಬ್ಬಿಗೆ, ತುಮಕೂರಿನಿಂದ ಕುಣಿಗಲ್‌ಗೆ ಯಾವ ಮನೆಯ ಹುಡುಗಿ ಯಾವ ಕಾಲೇಜಿಗೆ ಹೋಗುತ್ತಾಳೆ, ಯಾವ ಮನೆಯ ಹುಡುಗ ಪಾಸು ತೋರಿಸುವಾಗ ನಾಚುತ್ತಾನೆ ಎಂಬುದೆಲ್ಲ ಅವರ ನಾಲಗೆಯ ತುದಿಯಲ್ಲಿತ್ತು. ರಿಟೈರ್ ಆದ ತಿಂಗಳೇ ಅವರು ಮೊದಲನೆಯ ಸಂಬಂಧಕ್ಕೆ ಕೈ ಹಾಕಿದರು. ಸುಟ್ಟುಕೊಂಡರು.

ನಮ್ಮ ಕಡೆ ಹೆಣ್ಣು ನೋಡಿ ಬಂದಮೇಲೆ ಯಾರೂ ಬೇಡ ಎನ್ನುವುದಿಲ್ಲ. ಉಪ್ಪಿಟ್ಟು, ಕೇಸರಿಬಾತು, ಕಾಫಿ ಮುಗಿಸಿ, ಎದೆಯ ಮೇಲೆ ಕೈಯಿಟ್ಟು, “ಮನೆಗೋಗಿ ಮಾತಾಡ್ಕಂಡು ತಿಳಿಸ್ತೀವಿ” ಎಂದು ಹೊರಡುತ್ತಾರೆ. ಆಮೇಲೆ ಫೋನು ಎತ್ತುವುದಿಲ್ಲ. ಎತ್ತದ ಫೋನಿನ ಅರ್ಥ ತಿಳಿಯುವ ಹೊತ್ತಿಗೆ ಎದುರುಮನೆಯವರಿಗೆ ತಿಳಿದು, ಹಾಲು ಹಾಕುವವನಿಗೆ ತಿಳಿದು, ಕೊನೆಗೆ ಮನೆಯವರಿಗೆ ತಿಳಿಯುತ್ತದೆ. ಈ ಅವಮಾನ ತಪ್ಪಿಸಲೆಂದೇ ಮಹಾಲಿಂಗಯ್ಯನವರು ಸದಾಶಿವನಗರದ ಹುಡುಗಿಯ ಮನೆಯವರಿಂದ ಕಿವಿಯಲ್ಲಿ ಉತ್ತರ ಪಡೆದು ಗುಬ್ಬಿಯ ಹುಡುಗನ ಮನೆಗೆ ಹೋದರು. ಉತ್ತರ ಬೇಡ ಎಂದಿತ್ತು. ಮೆತ್ತಗೆ ಹೇಳೋಣವೆಂದು ಮಾತು ಜೋಡಿಸಿಕೊಳ್ಳುತ್ತಿರುವಾಗಲೇ, ಹುಡುಗನ ತಾಯಿ ಆಸೆಯಿಂದ “ಏನಂದ್ರು” ಎಂದರು. ಬಾಯಿ ತೆರೆಯುವ ಮೊದಲೇ ತಲೆ ತಾನಾಗಿ ಎಡಕ್ಕೂ ಬಲಕ್ಕೂ ಆಡಿಬಿಟ್ಟಿತು, ಏಳು ಜನ ನೆಂಟರ ಎದುರಿಗೆ.

ಗುಬ್ಬಿಯವರು ಆಗಲೇ ಒಪ್ಪಿ, ಊರಿಗೆಲ್ಲ ಹೇಳಿಕೊಂಡಿದ್ದರು. ಮುಂದೆ ಯಾರದೋ ಮದುವೆಯಲ್ಲಿ ಹುಡುಗಿಯ ಸೋದರಮಾವ ಸಾಂಬಾರಿನ ಬಕೆಟ್ ಹಿಡಿದು ಬಂದಾಗ, ಹುಡುಗನ ದೊಡ್ಡಪ್ಪ ಎಲೆಯ ಮೇಲೆ ಎರಡೂ ಕೈ ಮುಚ್ಚಿ ಬರಿ ಅನ್ನ ತಿಂದೆದ್ದರು. ಎರಡು ಮನೆತನಗಳು ಕಾದಾಡಲಿಲ್ಲ ನಿಜ, ಆದರೆ ಎರಡೂ ಸೇರಿ ಮಹಾಲಿಂಗಯ್ಯನವರ ಕೊಡೆ ಮುರಿದವು. ಅಂದಿನಿಂದ ಆ ತಲೆ ಅಲ್ಲಾಡುವುದನ್ನು ಬಿಟ್ಟಿತು.

ತಲೆ ಗಟ್ಟಿ ಮಾಡಿಕೊಂಡರಷ್ಟೇ ಸಾಲದು, ತಲೆಯೊಳಗೆ ಗುಟ್ಟೇ ಇರಬಾರದು ಎಂದು ಅವರಿಗೆ ಹೊಳೆದದ್ದು ಆ ಮುರಿದ ಕೊಡೆಯನ್ನು ರಿಪೇರಿಗೆ ಕೊಡುವಾಗ. ಗೊತ್ತಿದ್ದರೆ ತಾನೇ ಬಾಯಿ ಜಾರುವುದು? ಆಗ ಹುಟ್ಟಿತು ಪೆಟ್ಟಿಗೆ.

ಅದು ಅವರ ಹಳೆಯ ತಗಡಿನ ಟಿಕೆಟ್ ಪೆಟ್ಟಿಗೆ. ಮುಚ್ಚಳಕ್ಕೆ ಒಂದು ತೂತು, ಒಳಗೆ ಸದ್ದಾಗದಂತೆ ಹತ್ತಿಯ ಹಾಸು, ಹೊರಗೆ ಬೀಗ. ಹುಡುಗನಿಗೊಂದು, ಹುಡುಗಿಗೊಂದು ಬಟ್ಟೆಯ ಚೀಲ; ಪ್ರತಿ ಚೀಲದಲ್ಲಿ ಒಂದು ಅಡಿಕೆ, ಅದರಷ್ಟೇ ಗಾತ್ರದ ಒಂದು ಗಜ್ಜುಗದ ಬೀಜ. ಒಪ್ಪಿಗೆಯಿದ್ದರೆ ಅಡಿಕೆ, ಇಲ್ಲದಿದ್ದರೆ ಗಜ್ಜುಗ. ಮದುವೆಯಾಗುವವರೇ ದೇವರಮನೆಗೆ ಒಬ್ಬರೇ ಹೋಗಿ, ಬಾಗಿಲು ಹಾಕಿಕೊಂಡು, ಎರಡರಲ್ಲಿ ಒಂದನ್ನು ತೂತಿನೊಳಗೆ ಬಿಟ್ಟು, ಉಳಿದದ್ದನ್ನು ಹಿತ್ತಿಲಿಗೆ ಎಸೆಯಬೇಕು. ಅಪ್ಪ ಅಮ್ಮ ಇಣುಕುವಂತಿಲ್ಲ. ಪೆಟ್ಟಿಗೆ ಮಹಾಲಿಂಗಯ್ಯನವರ ಕೈಯಲ್ಲಿ ಊರೂರು ಸುತ್ತಿದರೆ, ಬೀಗದ ಕೀ ಬಟವಾಡಿಯ ಮನೆಯಲ್ಲಿ ಕಲ್ಲಮ್ಮನ ಸೆರಗಿನ ಗಂಟಿನಲ್ಲಿ. ಪೆಟ್ಟಿಗೆಯಿದ್ದಲ್ಲಿ ಕೀ ಇಲ್ಲ, ಕೀ ಇದ್ದಲ್ಲಿ ಪೆಟ್ಟಿಗೆ ಇಲ್ಲ. ಒಬ್ಬರಿಂದ ಒಂದು ಚೂರೂ ತಿಳಿಯುವಂತಿಲ್ಲ. ಗಂಡಹೆಂಡಿರಿಬ್ಬರೂ ಎದುರುಬದುರು ಕುಳಿತರೆ ಮಾತ್ರ ಮುಚ್ಚಳ ತೆರೆಯುತ್ತದೆ. ತೆರೆದಾಗ ಎರಡು ಅಡಿಕೆ ಬಿದ್ದರೆ ಎರಡು ಮನೆಗೂ “ಆಗಿದೆ” ಎಂದು ಫೋನು. ಬೇರೆ ಏನು ಬಿದ್ದರೂ ಎರಡು ಮನೆಗೂ “ಆಗಿಲ್ಲ” ಎಂದು ಫೋನು. ಒಂದು ಅಡಿಕೆ, ಒಂದು ಗಜ್ಜುಗ ಬಿದ್ದರೆ ಗಜ್ಜುಗ ಯಾರದೆಂದು ಮಹಾಲಿಂಗಯ್ಯನವರಿಗೂ ಗೊತ್ತಿಲ್ಲ. ಆ ಶಿವನನ್ನೇ ಕೇಳಬೇಕು.

ಇದು ಕಲ್ಲಮ್ಮನಿಗೆ ದೊಡ್ಡ ಸಂಕಟ. ಮೊದಮೊದಲು ಆಕೆ ಗಜ್ಜುಗವನ್ನು ಮೂಸಿ, ಬೆಳಕಿಗೆ ಹಿಡಿದು, ಹೆಣ್ಣಿನ ಕೈಯ ಅರಿಶಿನ ಅಂಟಿದೆಯೇ ಎಂದು ನೋಡುತ್ತಿದ್ದರು. ಹಾಗಾಗಿ ಮಹಾಲಿಂಗಯ್ಯನವರು ಎಲ್ಲ ಚೀಲಗಳಿಗೂ ಮೊದಲೇ ಒಂದೊಂದು ಚಿಟಿಕೆ ಅರಿಶಿನ ಹಾಕಿಡತೊಡಗಿದರು. ಕೋಟೆ ಕಟ್ಟಿದ ಪಾಳೆಯಗಾರನಿಗೂ ಇಷ್ಟು ಮುಂದಾಲೋಚನೆ ಇರಲಿಕ್ಕಿಲ್ಲ.

ಕೋಟೆಗೆ ಸಣ್ಣಪುಟ್ಟ ಪೆಟ್ಟು ಬೀಳದೆ ಇರಲಿಲ್ಲ. ಅಡಿಕೆ ವ್ಯಾಪಾರದ ಗುಬ್ಬಿಯಲ್ಲಿ ಒಬ್ಬ ಹುಡುಗನ ತಂದೆ ಚೀಲದ ಅಡಿಕೆಯನ್ನು ಹಲ್ಲಿನಲ್ಲಿ ಕಚ್ಚಿ ನೋಡಿ, “ಹುಳ ಬಿದ್ದಿರೋ ಮಾಲು ತಂದು ನಮ್ಮನೇಲಿ ಮದ್ವೆ ಮಾತಾಡ್ತೀರಾ” ಎಂದು ಎಬ್ಬಿಸಿ ಕಳಿಸಿದ್ದುಂಟು. ಇನ್ನೊಂದು ಮನೆಯಲ್ಲಿ, ಹುಡುಗಿ ಮುಖ ತೊಳೆದು ಬರುವಷ್ಟರಲ್ಲಿ ಅಜ್ಜಿ ಚೀಲ ಬಿಚ್ಚಿ, ಅಡಿಕೆಯನ್ನು ಎಲೆಗೆ ಸೇರಿಸಿ ಜಗಿದುಬಿಟ್ಟಿದ್ದರು. ಚೀಲದಲ್ಲಿ ಉಳಿದದ್ದು ಗಜ್ಜುಗವೊಂದೇ. ಹೇಳಿಕೊಳ್ಳಲು ನಾಚಿ ಆ ಹುಡುಗಿ ಅದನ್ನೇ ಹಾಕಿದಳು. ಒಳ್ಳೆಯ ಸಂಬಂಧವೊಂದು ಎಲೆಯಡಿಕೆಯ ಜತೆ ಉಗುಳಿಹೋಯಿತು. ಆಮೇಲಿಂದ ಮಹಾಲಿಂಗಯ್ಯನವರು ಅಜ್ಜಿಯರಿಗೆಂದೇ ಬೇರೆ ಅಡಿಕೆ ಜೇಬಿನಲ್ಲಿ ಇಟ್ಟುಕೊಂಡು ಹೋಗುತ್ತಿದ್ದರು. ಇಷ್ಟು ಬಿಟ್ಟರೆ ಪೆಟ್ಟಿಗೆಯಲ್ಲಿ ಐಬಿಲ್ಲ ಎಂದೇ ಅವರು ನಂಬಿದ್ದರು, ಕುಣಿಗಲ್ಲಿನ ಪಲ್ಲವಿ ಬಾಯಿ ಬಿಡುವವರೆಗೆ.

ಪಲ್ಲವಿ ಕುಣಿಗಲ್ಲಿನ ಒಂದು ಕಾಲೇಜಿನಲ್ಲಿ ಗಣಿತದ ಲೆಕ್ಚರರ್. ಇಪ್ಪತ್ತೊಂಬತ್ತು ವರ್ಷ. ತಂದೆ ಅಣ್ಣಯ್ಯಪ್ಪ ದೊಡ್ಡಕೆರೆಯ ಹಿಂದೆ ತೆಂಗಿನ ತೋಟ ಮಾಡಿಕೊಂಡಿದ್ದವರು. ಈ ಮನೆಗೆ ಪೆಟ್ಟಿಗೆ ಈಗಾಗಲೇ ಮೂರು ಸಲ ಬಂದು ಹೋಗಿತ್ತು; ಮೂರು ಸಲವೂ ಆಗಿರಲಿಲ್ಲ. ನಾಲ್ಕನೆಯ ಸಲ, ಗುಬ್ಬಿಯ ಸರ್ವೇಯರ್ ಗುರುಪ್ರಕಾಶನ ಜಾತಕ ಹಿಡಿದು ಮಹಾಲಿಂಗಯ್ಯನವರು ಬಂದಾಗ, ಅಣ್ಣಯ್ಯಪ್ಪನವರು ಎಳನೀರು ಕೆತ್ತಿಸಲು ಹೊರಗೆ ಹೋದ ಹೊತ್ತು ನೋಡಿ ಪಲ್ಲವಿ ಎದುರಿಗೆ ಬಂದು ಕುಳಿತಳು.

“ಅಂಕಲ್, ಬರೋರು ಯಾರೇ ಆಗ್ಲಿ, ಈ ಸಲ ನಾನು ಗಜ್ಜುಗಾನೇ ಹಾಕೋದು. ಮೊದ್ಲೇ ಹೇಳ್ತಿದೀನಿ.”

ಹುಡುಗನನ್ನು ನೋಡುವ ಮೊದಲೇ ಯಾಕಮ್ಮ ಹಾಗನ್ನುತ್ತೀಯ ಎಂದು ಅವರು ಕೇಳಿದರು. ನೋಡಿದರೂ ಅಷ್ಟೆ ಎಂದಳು ಪಲ್ಲವಿ. ಪೆಟ್ಟಿಗೆಯಿಂದ ಯಾರ ಮಾನವೂ ಹೋಗುವುದಿಲ್ಲ, ಯಾರು ಬೇಡವೆಂದರೆಂಬುದು ತಮಗೇ ತಿಳಿಯುವುದಿಲ್ಲ ಎಂದು ಮಹಾಲಿಂಗಯ್ಯನವರು ತಮ್ಮ ಒಂಬತ್ತು ವರ್ಷದ ಕೀರ್ತನೆಯನ್ನು ಶುರುಮಾಡಿದರು. ಆಕೆ ಅರ್ಧಕ್ಕೇ ತಡೆದಳು.

“ನಿಮಗೆ ತಿಳಿಯಲ್ಲ, ನಿಜ. ನಂಗೆ ತಿಳಿಯುತ್ತಲ್ಲ? ನಾನು ಅಡಿಕೆ ಹಾಕಿದ್ದು ನಂಗೊತ್ತು. ನೀವು ಫೋನ್ ಮಾಡಿ ‘ಆಗಿಲ್ಲ’ ಅಂದ್ರೆ, ಗಜ್ಜುಗ ಯಾರದು ಅಂತ ಇನ್ನ ಬಿಡಿಸಿ ಹೇಳ್ಬೇಕಾ? ಬೇಡ ಅಂದೋರಿಗೆ ಏನೂ ಗೊತ್ತಾಗಲ್ಲ, ನೆಮ್ಮದಿಯಾಗಿರ್ತಾರೆ. ಹೂಂ ಅಂದೋರಿಗೆ ಮಾತ್ರ ಏಟು. ಮೂರು ಸಲ ತಿಂದಿದೀನಿ ಅಂಕಲ್. ನಾಲ್ಕನೇದು ಬೇಡ.”

ಮಹಾಲಿಂಗಯ್ಯನವರ ತಲೆ ಅಲ್ಲಾಡಲಿಲ್ಲ. ಒಳಗೆ ಮಾತ್ರ ಏನೋ ಅಲ್ಲಾಡಿತು. ಮೂರು ಸಲ ತಮ್ಮ ಪೆಟ್ಟಿಗೆಯೇ ಹೊತ್ತು ತಂದು ಈ ಹುಡುಗಿಯ ಕೈಗೆ ಇಟ್ಟದ್ದೇನು ಎಂದು ಅವರಿಗೆ ಆಗ ತಿಳಿಯಿತು. ಎಳನೀರು ಬಂತು. ಅವರು ಕುಡಿಯದೆ ಎದ್ದರು. ತುಮಕೂರಿನ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕುಳಿತು, ಒಂಬತ್ತು ವರ್ಷದಲ್ಲಿ ಎಷ್ಟು ಒಂಟಿ ಅಡಿಕೆ ಕಂಡಿದ್ದೆವೆಂದು ನೆನಪಿಸಿಕೊಳ್ಳಲು ಹೋಗಿ, ಹೆದರಿ ಬಿಟ್ಟರು.

ಮನೆಗೆ ಬಂದವರೇ ಕಲ್ಲಮ್ಮನನ್ನು ಕೂರಿಸಿಕೊಂಡು ಪರೀಕ್ಷೆಗೆ ಇಳಿದರು. ಕಲ್ಲಮ್ಮ ಹುಡುಗಿ, ತಾವು ಹುಡುಗ. ಆಕೆ ಅಡಿಕೆ ಹಾಕಿದರು, ಇವರು ಗಜ್ಜುಗ. ತೆರೆದರು. ಕಲ್ಲಮ್ಮ ಎರಡನ್ನೂ ದಿಟ್ಟಿಸಿ ನೋಡಿ, ಮೆಲ್ಲಗೆ, “ಹಂಗಾರೆ ನಾನು ಬ್ಯಾಡ ಅಂತ ಹಾಕಿದ್ರಾ” ಎಂದರು. ಇದು ಪರೀಕ್ಷೆ ಕಣೇ ಎಂದು ಎಷ್ಟು ಹೇಳಿದರೂ ನಲವತ್ತೆರಡು ವರ್ಷದ ಸಂಸಾರಕ್ಕೆ ಅದು ಸಮಾಧಾನ ಕೊಡಲಿಲ್ಲ. ಎರಡು ದಿನ ಸಾರಿಗೆ ಉಪ್ಪಿರಲಿಲ್ಲ. ಪಲ್ಲವಿ ಹೇಳಿದ್ದು ಸತ್ಯವೆಂಬುದಕ್ಕೆ ಮಹಾಲಿಂಗಯ್ಯನವರಿಗೆ ಬೇರೆ ಪುರಾವೆ ಬೇಕಾಗಲಿಲ್ಲ.

ಮೂರನೆಯ ದಿನ ಉಪ್ಪು ಮರಳಿದ ಮೇಲೆ ಅವರು ಪೆಟ್ಟಿಗೆಯನ್ನು ತಿದ್ದಲು ಕುಳಿತರು. ಎರಡು ಪೆಟ್ಟಿಗೆ ಮಾಡಿ ನೋಡಿದರು. ಮೂರನೆಯವರೊಬ್ಬರಿಂದ ಇನ್ನೊಂದು ಅಡಿಕೆ ಹಾಕಿಸಿ ನೋಡಿದರು. ಕೀಯನ್ನು ಎರಡು ತುಂಡು ಮಾಡಿಸಿ ಒಂದೊಂದು ಮನೆಗೆ ಕೊಡೋಣವೆಂದು ಬೀಗದವನ ಬಳಿ ಹೋದರು. ಅವನು ಇವರನ್ನು ಒಂದು ಥರ ನೋಡಿ ಅಂಗಡಿಯ ಶಟರ್ ಅರ್ಧ ಎಳೆದ. ಏನು ಮಾಡಿದರೂ ಅಡಿಕೆ ಹಾಕಿದವರಿಗೆ ಎದುರಿನ ಗಜ್ಜುಗ ಕಂಡೇ ಕಾಣುತ್ತಿತ್ತು. ನಾಲ್ಕನೆಯ ದಿನ ಪೆಟ್ಟಿಗೆಯನ್ನು ಬಗಲಲ್ಲಿಟ್ಟುಕೊಂಡು, ಮಹಾಲಿಂಗಯ್ಯನವರು ಕುಣಿಗಲ್ಲಿನ ಬಸ್ಸು ಹತ್ತಿ ಕಾಲೇಜಿನ ಹೊರಗೆ ಕಾದು ನಿಂತರು. ಅರವತ್ತೊಂಬತ್ತು ವರ್ಷದ ಶಿಷ್ಯ ಇಪ್ಪತ್ತೊಂಬತ್ತು ವರ್ಷದ ಗುರುವನ್ನು ಹುಡುಕಿಕೊಂಡು ಹೋದದ್ದು ಹೀಗೆ.

ಪಲ್ಲವಿ ಅವರನ್ನು ಎದುರಿನ ಹೋಟೆಲಿಗೆ ಕರೆದುಕೊಂಡು ಹೋಗಿ ಕಾಫಿ ಹೇಳಿದಳು. ಪೆಟ್ಟಿಗೆಯದೇನೂ ತಪ್ಪಿಲ್ಲ ಎಂದಳು. ಇಬ್ಬರೂ ಒಪ್ಪಿದರೆ ಆಗಿದೆ ಎಂದು ಹೇಳಲೇಬೇಕು ಎನ್ನುವ ಷರತ್ತು ಇರುವಷ್ಟು ದಿನ, ಒಪ್ಪಿದವರಿಂದ ಇನ್ನೊಬ್ಬರ ಉತ್ತರವನ್ನು ಮುಚ್ಚಿಡಲು ಯಾವ ಲೋಕದ ಬಡಗಿಯೂ ಪೆಟ್ಟಿಗೆ ಮಾಡಲಾರ. ಅದು ಕೈಚಳಕದ ಮಾತಲ್ಲ, ಲೆಕ್ಕದ ಮಾತು. ಗುಟ್ಟಿಗೂ ಒಂದು ಎಲ್ಲೆಕಲ್ಲು ಇದೆ, ಅದರಾಚೆ ಅದನ್ನು ಒತ್ತರಿಸಲು ಬರುವುದಿಲ್ಲ.

“ಹಂಗಾರೆ ದಾರೀನೇ ಇಲ್ವಾ ತಾಯಿ” ಎಂದರು ಮಹಾಲಿಂಗಯ್ಯನವರು.

“ಇದೆ. ನೀವು ಒಂದೊಂದು ಸಲ ಸುಳ್ಳು ಹೇಳ್ಬೇಕು.”

ದಾರಿ ಇಷ್ಟು: ಪೆಟ್ಟಿಗೆ ತೆರೆಯುವ ಮೊದಲು ಕವಡೆ ಹಾಕುವುದು. ಕವಡೆ ಬೋರಲು ಬಿದ್ದರೆ, ಒಳಗೆ ಏನೇ ಇರಲಿ, ನೋಡದೆ ಚರಂಡಿಗೆ ಸುರಿದು, ಎರಡು ಮನೆಗೂ ಆಗಿಲ್ಲ ಎನ್ನುವುದು. ಹಾಗೆ ಮಾಡುತ್ತೀರೆಂದು ಎರಡು ಮನೆಗೂ ಮೊದಲೇ ಹೇಳಿಡುವುದು. ಆಗ ಅಡಿಕೆ ಹಾಕಿದವರಿಗೆ ಆಗಿಲ್ಲವೆಂಬ ಫೋನು ಬಂದರೆ, ಅದು ಎದುರಿನವರ ಗಜ್ಜುಗವೋ, ಹಾಳು ಕವಡೆಯೋ ಯಾರು ಬಲ್ಲರು? ಆ ಸಂಶಯವೇ ನೆರಳು. ಆ ನೆರಳಿನಲ್ಲಿ ಮಾನ ಉಳಿಯುತ್ತದೆ.

ಇಬ್ಬರೂ ಒಪ್ಪಿದ ಮದುವೆಯನ್ನು ಕವಡೆಗಾಗಿ ಮುರಿಯುವುದೇ ಎಂದು ಮಹಾಲಿಂಗಯ್ಯನವರು ಬೆಚ್ಚಿಬಿದ್ದರು. ನೆರಳು ಬೇಕಾದರೆ ಅಷ್ಟು ಬಿಸಿಲು ಬಿಡಬೇಕು ಎಂದಳು ಪಲ್ಲವಿ. ಅಲ್ಲಿಂದ ಮುಂದೆ ಸೊಪ್ಪಿನ ವ್ಯಾಪಾರದಂತೆ ಚೌಕಾಸಿ ನಡೆಯಿತು. ಆಕೆ ಒಂದೇ ಕವಡೆ ಸಾಕೆಂದಳು. ಹಾಗಾದರೆ ಎರಡರಲ್ಲಿ ಒಂದು ಮದುವೆ ಮುರಿಯುತ್ತದೆ, ನಾನು ಸಂಬಂಧ ಕುದುರಿಸುವವನೋ ಕೆಡಿಸುವವನೋ ಎಂದರು ಇವರು. ನಾಲ್ಕು ಕವಡೆ ಹಾಕೋಣ, ನಾಲ್ಕೂ ಬೋರಲಾದರೆ ಮಾತ್ರ ಎಂದು ಇವರು ಅಂದರೆ, ಅದು ಹದಿನಾರಕ್ಕೊಂದು ಸಲ, ಅಷ್ಟು ಸಣ್ಣ ನೆರಳಿನಲ್ಲಿ ನನ್ನ ಚಪ್ಪಲಿಯೂ ನಿಲ್ಲುವುದಿಲ್ಲ ಎಂದಳು ಆಕೆ. ಎರಡು ಕಾಫಿ, ಒಂದು ಮದ್ದೂರು ವಡೆಯ ಕೊನೆಗೆ ಎರಡು ಕವಡೆಗೆ ಒಪ್ಪಂದವಾಯಿತು. ಎರಡೂ ಬೋರಲಾದರೆ, ಎಂದರೆ ನಾಲ್ಕಕ್ಕೊಂದು ಸಲ, ಪೆಟ್ಟಿಗೆ ಚರಂಡಿಗೆ. ಹಾಗಿದ್ದರೆ ಹುಡುಗನನ್ನು ನೋಡುತ್ತೇನೆ, ಆದರೆ ಅಡಿಕೆ ಹಾಕುತ್ತೇನೆಂದು ಮಾತ್ರ ಮಾತು ಕೊಡುವುದಿಲ್ಲ ಎಂದು ಪಲ್ಲವಿ ಎದ್ದಳು.

ಹೊಸ ಕಾನೂನನ್ನು ಗುಬ್ಬಿಯಲ್ಲಿ ಗುರುಪ್ರಕಾಶನಿಗೂ ವಿವರಿಸಿದರು. ಇಪ್ಪತ್ತು ವರ್ಷದ ಗಡಿ ಜಗಳಗಳನ್ನು ಸಂಜೆಯೊಳಗೆ ಅಳೆದು ಮುಗಿಸುವ ಸರ್ವೇಯರ್ ಅವನು. ಸ್ವಂತ ವಿಷಯ ಬಂದರೆ ಕಾಲಬೆರಳನ್ನೇ ನೋಡುವವನು. ಅವನ ಮನೆಯಿಂದಲೂ ಪೆಟ್ಟಿಗೆ ಎರಡು ಸಲ ಬರಿಗೈಯಲ್ಲಿ ಮರಳಿತ್ತು. ಕವಡೆಯ ವಿಚಾರ ಪೂರ್ತಿ ಕೇಳಿ, “ಆಯ್ತು ಬುಡಿ ಸಾರ್” ಎಂದ. ಅರ್ಥವಾಯಿತೋ ಇಲ್ಲವೋ ತಿಳಿಯಲಿಲ್ಲ.

ಭಾನುವಾರ ಹೆಣ್ಣು ನೋಡುವ ಶಾಸ್ತ್ರ ಕುಣಿಗಲ್ಲಿನಲ್ಲಿ ನಡೆಯಿತು. ಉಪ್ಪಿಟ್ಟಿಗೆ ಉಪ್ಪು ಎರಡು ಸಲ ಬಿದ್ದಿತ್ತು. ಗುರುಪ್ರಕಾಶನ ತಾಯಿ ಒಂದು ತುತ್ತಿಗೇ ನಿಲ್ಲಿಸಿದರು. ಅವನು ತಟ್ಟೆ ಖಾಲಿ ಮಾಡಿ ಮೂರು ಲೋಟ ನೀರು ಕುಡಿದ. ಇಬ್ಬರನ್ನೂ ಹತ್ತು ನಿಮಿಷ ಮಾತಾಡಲೆಂದು ತಾರಸಿಗೆ ಕಳಿಸಿದರೆ ನಲವತ್ತು ನಿಮಿಷವಾದರೂ ಇಳಿಯಲಿಲ್ಲ. ಅಳತೆಯ ಸರಪಳಿ ಹಿಡಿದಾಗ ರೈತರು ಬದುವಿನ ಕಲ್ಲಿನ ಮೇಲೆ ಕುಳಿತು ಕಲ್ಲನ್ನೇ ಅಡಗಿಸುವ ಕತೆಯನ್ನು ಅವನು ಹೇಳುತ್ತಿದ್ದಂತೆ ಕಾಣುತ್ತದೆ; ಪಲ್ಲವಿ ನಕ್ಕ ಸದ್ದು ಕೆಳಗಿನ ಪಡಸಾಲೆಗೂ ಕೇಳಿತು. ಅಣ್ಣಯ್ಯಪ್ಪನವರು ಮಹಾಲಿಂಗಯ್ಯನವರ ಮುಖ ನೋಡಿದರು. ಮಹಾಲಿಂಗಯ್ಯನವರು ಗೋಡೆಯ ಕ್ಯಾಲೆಂಡರ್ ನೋಡಿದರು. ಇಳಿದು ಬಂದ ಪಲ್ಲವಿ ಚೀಲ ಹಿಡಿದು ದೇವರಮನೆಗೆ ಹೋದಳು, ಬಾಗಿಲು ಹಾಕಿಕೊಂಡಳು, ಬಹಳ ಹೊತ್ತಿನ ಮೇಲೆ ಹೊರಗೆ ಬಂದಳು. ಅದೇ ಸಂಜೆ ಗುಬ್ಬಿಯ ದೇವರಮನೆಗೆ ಗುರುಪ್ರಕಾಶ ಹೋಗಿ, ಹೋದಷ್ಟೇ ಬೇಗ ಬಂದ.

ಬಟವಾಡಿಯಲ್ಲಿ ಮಾರನೆಯ ಬೆಳಗ್ಗೆ, ಕಲ್ಲಮ್ಮನ ಪೂಜೆ ಮುಗಿದ ಮೇಲೆ, ಪಡಸಾಲೆಯಲ್ಲಿ ಗಂಡಹೆಂಡಿರು ಪೆಟ್ಟಿಗೆಯ ಎದುರು ಕುಳಿತರು. ಮಹಾಲಿಂಗಯ್ಯನವರು ಕವಡೆ ಹಾಕಿದರು. ಒಂದು ಬೋರಲು, ಒಂದು ಅಂಗಾತ. ಚರಂಡಿಯ ಪಾಲಾಗಲಿಲ್ಲ ಎಂದು ಇಬ್ಬರೂ ಉಸಿರುಬಿಟ್ಟರು. ಕಲ್ಲಮ್ಮ ಸೆರಗಿನ ಗಂಟು ಬಿಚ್ಚಿ ಕೀ ತಿರುಗಿಸಿದರು. ಚಾಪೆಯ ಮೇಲೆ ಬಿದ್ದದ್ದು ಒಂದು ಅಡಿಕೆ, ಒಂದು ಗಜ್ಜುಗ.

ಕಲ್ಲಮ್ಮ ಎರಡನ್ನೂ ಹಳೆಯ ಚಾಳಿಯಂತೆ ಒಮ್ಮೆ ಮೂಸಿ ನೋಡಿದರು. ಆಮೇಲೆ ಗಜ್ಜುಗವನ್ನು ಎತ್ತಿ, “ಆ ಮೇಡಮ್ಮುಂದೇ ಇದು” ಎಂದರು. ಮಹಾಲಿಂಗಯ್ಯನವರ ಮನಸ್ಸಿನಲ್ಲೂ ಅದೇ ಇತ್ತು. ಯಾರೇ ಬಂದರೂ ಗಜ್ಜುಗ ಹಾಕುತ್ತೇನೆಂದು ಮೊದಲೇ ಸಾರಿದ್ದವಳಲ್ಲವೇ. ನಾಲ್ಕನೆಯ ಏಟಿಗೆ ಹೆದರಿ ಒಳ್ಳೆಯ ಹುಡುಗನನ್ನು ಕೈಬಿಟ್ಟಳಲ್ಲ ಎಂದು ಅವರು ಒಳಗೊಳಗೇ ಮರುಗಿದರು. ಮೊದಲು ಗುಬ್ಬಿಗೆ ಫೋನು ಮಾಡಿದರು. ಗುರುಪ್ರಕಾಶ “ಆಯ್ತು ಬುಡಿ ಸಾರ್” ಎಂದ. ಆಮೇಲೆ ಕುಣಿಗಲ್ಲಿಗೆ.

“ಆಗಿಲ್ಲ ಕಣಮ್ಮ.”

ಅಳುತ್ತಾಳೇನೋ ಎಂದು ಇವರು ಫೋನನ್ನು ಕಿವಿಗೆ ಒತ್ತಿಕೊಂಡರು. ಕೇಳಿದ್ದು ಸಣ್ಣ ನಗು. “ಕವಡೆ ಇರ್ಬೋದು, ಅಲ್ವಾ ಅಂಕಲ್” ಎಂದಳು ಪಲ್ಲವಿ. ಉತ್ತರ ಕೊಡಬೇಡಿ, ಕೊಟ್ಟರೆ ಎಲ್ಲ ಹಾಳು ಎಂದು ಆಕೆಯೇ ಹೇಳಿ ಫೋನಿಟ್ಟಳು.

ಇಷ್ಟಕ್ಕೆ ಮುಗಿಯಬೇಕಾಗಿತ್ತು. ಹದಿನೈದು ದಿನ ಕಳೆದ ಮೇಲೆ ಅಣ್ಣಯ್ಯಪ್ಪನವರು ಮೂರು ಪಡಿ ಎಳ್ಳುಂಡೆ ಹೊತ್ತು ಬಟವಾಡಿಗೆ ಬಂದು, ಮಗಳ ಮದುವೆ ನಿಶ್ಚಯವಾಯಿತು, ಹುಡುಗ ಗುಬ್ಬಿಯ ಗುರುಪ್ರಕಾಶ ಎಂದಾಗ, ಮಹಾಲಿಂಗಯ್ಯನವರ ಬಾಯಲ್ಲಿದ್ದ ಎಳ್ಳುಂಡೆ ಹಾಗೆಯೇ ನಿಂತಿತು. ಆದದ್ದಿಷ್ಟು: ಪಲ್ಲವಿಗೆ ಗುಬ್ಬಿಯ ಕಾಲೇಜಿನಲ್ಲಿ ಪರೀಕ್ಷೆಯ ಡ್ಯೂಟಿ ಬಿತ್ತು. ಮಧ್ಯಾಹ್ನ ಬಿಡುವಿನಲ್ಲಿ ನೇರವಾಗಿ ತಾಲ್ಲೂಕು ಕಚೇರಿಗೆ ಹೋದಳು. ನಕ್ಷೆಗಳ ರಾಶಿಯ ಹಿಂದೆ ಕುಳಿತಿದ್ದ ಗುರುಪ್ರಕಾಶನ ಎದುರು ನಿಂತು, ಕಚೇರಿಯೆಲ್ಲ ಕೇಳುವಂತೆ, ನೀವು ಅವತ್ತು ಏನು ಹಾಕಿದ್ದಿರಿ ಎಂದು ಕೇಳಿದಳು. ಅವನು ಎದ್ದು ನಿಂತು ಅಡಿಕೆ ಎಂದ. ಹಾಗಾದರೆ ಹಾಳು ಕವಡೆ ಎಂದಳು ಆಕೆ. ಅಷ್ಟೇ. ಒಂಬತ್ತು ವರ್ಷದ ಶಾಸ್ತ್ರ, ಬೀಗ, ಹತ್ತಿ, ಅರಿಶಿನ ಎಲ್ಲವನ್ನೂ ದಾಟಿ ಇಬ್ಬರು ಒಂದು ಪ್ರಶ್ನೆಯಲ್ಲಿ ಮದುವೆ ನಿಶ್ಚಯ ಮಾಡಿಕೊಂಡಿದ್ದರು.

ಮಹಾಲಿಂಗಯ್ಯನವರು ಎಳ್ಳುಂಡೆ ನುಂಗಿ ಲೆಕ್ಕ ಹಾಕಿದರು. ಪೆಟ್ಟಿಗೆಯಲ್ಲಿ ಒಂದು ಗಜ್ಜುಗವಂತೂ ಇತ್ತು. ಹುಡುಗ ಅಡಿಕೆಯೆಂದಿದ್ದಾನೆ. ಹಾಗಾದರೆ ಗಜ್ಜುಗ ಪಲ್ಲವಿಯದೇ. ಆಮೇಲೆ ಮನಸ್ಸು ಬದಲಿಸಿ ತಾನೇ ಹೋಗಿ ಕೇಳಿ, ತಪ್ಪನ್ನು ಕವಡೆಯ ಮೇಲೆ ಹೊರಿಸಿದ್ದಾಳೆ. ಎಲ್ಲವೂ ಹೊಂದಿಕೊಂಡಿತು. ಅವರಿಗೆ ಹಗುರವಾಯಿತು, ಇನ್ನೊಂದು ಎಳ್ಳುಂಡೆ ತೆಗೆದುಕೊಂಡರು.

ಮದುವೆ ತುಮಕೂರಿನಲ್ಲಿ, ಹೈವೇ ಪಕ್ಕದ ಕಲ್ಯಾಣಮಂಟಪದಲ್ಲಿ. ಹುಡುಗನ ಕಡೆಯ ಹಿರಿಯರೊಬ್ಬರು ಮೈಕು ಹಿಡಿದು, ಊರೂರಿನ ಗುಟ್ಟುಗಳನ್ನು ಹೊಟ್ಟೆಯಲ್ಲಿ ಇಟ್ಟುಕೊಂಡ ಈ ಮಹಾನುಭಾವರನ್ನು ಸಮುದ್ರಕ್ಕೆ ಹೋಲಿಸಬೇಕು, ಬೆಟ್ಟಕ್ಕೆ ಹೋಲಿಸಬೇಕು ಎಂದು ಹೊಗಳಿ, ಮಹಾಲಿಂಗಯ್ಯನವರಿಗೆ ಶಾಲು ಹೊದಿಸಿದರು. ಮುಹೂರ್ತ ಮುಗಿದು ಜನ ಊಟದ ಹಾಲಿನತ್ತ ಸರಿಯುತ್ತಿದ್ದಾಗ, ಬಾಸಿಂಗವನ್ನು ಇನ್ನೂ ಬಿಚ್ಚದ ಪಲ್ಲವಿ ವೇದಿಕೆಯ ಮೂಲೆಗೆ ಅವರನ್ನು ಕರೆದಳು.

“ಅಂಕಲ್, ಒಂದೇ ಮಾತು. ನಾನು ಅವತ್ತು ಅಡಿಕೆ ಹಾಕಿದ್ದೆ.”

ಮಹಾಲಿಂಗಯ್ಯನವರ ಕಾಲ ಕೆಳಗಿನ ಕಾರ್ಪೆಟ್ ಸ್ವಲ್ಪ ಸರಿದಂತಾಯಿತು. ಗಜ್ಜುಗ ಪಲ್ಲವಿಯದೆಂದೇ ಆ ಕ್ಷಣದವರೆಗೆ ಅವರು ನಂಬಿದ್ದರು. ಅದು ಯಾರದೆಂದು ಈಗ ಗೊತ್ತಾಯಿತು. ಒಂಬತ್ತು ವರ್ಷದಲ್ಲಿ ಮೊದಲ ಬಾರಿಗೆ ಹೇಳಿದವರಿಂದಲೇ ಮುಚ್ಚಿಡಬೇಕಾದ ಪೆಟ್ಟಿಗೆಯ ಗುಟ್ಟೊಂದು ಅವರ ಹೊಟ್ಟೆಗೆ ಇಳಿದಿತ್ತು. ಅದೂ ಮದುಮಗಳೇ ತನಗರಿಯದೆ ತಂದು ಕೊಟ್ಟದ್ದು.

“ಇವ್ರೂ ಅಡಿಕೆ ಹಾಕಿದೆ ಅಂತಾರೆ” ಎಂದಳು ಪಲ್ಲವಿ. “ಕವಡೆ ಬೋರಲಾಗಿದ್ರೆ ಇವ್ರು ಹೇಳಿದ್ದು ನಿಜ ಇರ್ಬೋದು. ಪೆಟ್ಟಿಗೆ ತೆಗೆದು ನೋಡಿದ್ರೆ ಸುಳ್ಳು. ನಂಗೆ ಕೋಪ ಏನಿಲ್ಲ ಅಂಕಲ್, ಮದುವೇನೂ ಆಗೋಯ್ತು. ತಿಳ್ಕೊಳ್ಳೋಣ ಅಂತ ಅಷ್ಟೆ. ಕವಡೆನಾ, ಪೆಟ್ಟಿಗೆನಾ?”

ಕೋಪ ಏನಿಲ್ಲ ಎನ್ನುವಾಗ ಆಕೆಯ ಬೆರಳುಗಳು ಹಾರದ ಹೂವೊಂದನ್ನು ಎಸಳೆಸಳಾಗಿ ಕೀಳುತ್ತಿದ್ದವು. ಮಹಾಲಿಂಗಯ್ಯನವರು ಆಕೆಯ ಹೆಗಲ ಮೇಲಿಂದ ನೋಡಿದರು. ಫೋಟೋದವರ ನಡುವೆ, ಪೇಟ ಸರಿದು ಹುಬ್ಬಿಗೆ ಬಂದಿದ್ದ ಗುರುಪ್ರಕಾಶ ಈ ಮೂಲೆಯನ್ನೇ ನೋಡುತ್ತ ನಿಂತಿದ್ದ. ತಾನೇ ಸರಿಸಿಟ್ಟ ಎಲ್ಲೆಕಲ್ಲನ್ನು ಊರ ಪಂಚಾಯಿತಿ ಅಗೆಯಲು ಹೊರಟದ್ದನ್ನು ಕಂಡವನ ಮುಖ. ಎರಡು ಸಲ ಅಡಿಕೆ ಹಾಕಿ ಎರಡು ಸಲ ಏಟು ತಿಂದಿದ್ದನೇನೋ, ಮೂರನೆಯ ಸಲ ಏಟು ಬೀಳುವ ಮೊದಲೇ ಕೈ ಅಡ್ಡ ಹಿಡಿದಿದ್ದ, ಅಷ್ಟೆ. ಅವನಿಗಾಗಿ ಆಕೆ ಕಚೇರಿಯವರೆಗೆ ನಡೆದು ಬಂದ ದಿನದಿಂದ ಅವನು ಆ ಗಜ್ಜುಗವನ್ನು ನೆನೆದು ಎಷ್ಟು ಬೆವರಿರಬಹುದು.

ಕವಡೆ ಎಂದರೆ ಆಕೆಗೆ ಸುಖ. ಆದರೆ ಅದು ಸುಳ್ಳು. ಮೇಲಾಗಿ ಈ ಸಲ ಕವಡೆ ಎಂದು ಬಾಯಿ ಬಿಟ್ಟರೆ, ಮುಂದೆ ಬಾಯಿ ಬಿಡದ ಸಲಕ್ಕೆಲ್ಲ ಜನ ಅರ್ಥ ಕಟ್ಟುತ್ತಾರೆ. ಪೆಟ್ಟಿಗೆ ಎಂದರೆ ಸತ್ಯ. ಆ ಸತ್ಯ ಗುಬ್ಬಿಯ ಮನೆಗೆ ಇವರ ಜತೆಯೇ ಗೃಹಪ್ರವೇಶ ಮಾಡುತ್ತದೆ. ಬೇರೆಯವರಾಗಿದ್ದರೆ ಈ ಇಕ್ಕಟ್ಟಿನಲ್ಲಿ ಬಸವಣ್ಣನ ವಚನವನ್ನೋ, ಎರಡು ಹನಿ ಕಣ್ಣೀರನ್ನೋ ತೆಗೆಯುತ್ತಿದ್ದರು. ಹೊದ್ದ ಶಾಲಿಗೆ ತಕ್ಕಂಥ ಮಾತೊಂದನ್ನು ನಿರೀಕ್ಷಿಸುತ್ತ ಪಲ್ಲವಿ ಅವರ ಮುಖವನ್ನೇ ನೋಡುತ್ತಿದ್ದಳು. ಮಹಾಲಿಂಗಯ್ಯನವರು ಶಾಲು ತೆಗೆದು ಮಡಚಿ ಬಗಲಿಗೆ ಇಟ್ಟುಕೊಂಡರು.

“ಜ್ಞಾಪಕ ಇಲ್ಲ ಕಣಮ್ಮ. ತಿಂಗಳಿಗೆ ಎಂಟ್ಹತ್ತು ಪೆಟ್ಟಿಗೆ ತೆಗೀತೀನಿ, ಯಾವುದ್ರಲ್ಲಿ ಏನಿತ್ತು ಅಂತ ಯಾರು ನೆನಪಿಟ್ಕಂತಾರೆ? ಬಾ, ಎಲೆ ಹಾಕ್ತಾವ್ರೆ.”